ಕ್ಲಿಪ್ ತೆಗೆದ ಮೇಲೆ ಯಾವ ರಿಟೇನರ್? ನೇರವಾದ ಮುಂದಿನ ಹಲ್ಲುಗಳನ್ನು ಉಳಿಸಿಕೊಳ್ಳಲು ಒಂದು ಹೋಲಿಕೆ

ಹಲ್ಲಿಗೆ ಹಾಕಿದ್ದ ಕ್ಲಿಪ್ ಬಿಚ್ಚಿದ ಕೂಡಲೇ ಎಲ್ಲರೂ ಮೊದಲು ಮಾಡುವುದು ನಾಲಿಗೆಯನ್ನು ಹಲ್ಲುಗಳ ಮೇಲೆ ಆಡಿಸಿ ನೋಡುವ ಕೆಲಸ. ಎರಡು ವರ್ಷ ತಂತಿಯ ಒರಟಿಗೆ ಒಗ್ಗಿಹೋದ ನಾಲಿಗೆಗೆ ಆ ನುಣುಪು ನಂಬಲಾಗದಷ್ಟು ಹೊಸದು. ಚಿಕಿತ್ಸೆಯ ಉದ್ದಕ್ಕೂ ತೆಗೆದುಕೊಂಡ ತೀರ್ಮಾನಗಳಲ್ಲೇ ಅತಿ ದೀರ್ಘಕಾಲ ಬಾಳುವ ತೀರ್ಮಾನವೊಂದನ್ನು ಆ ಸಂತೋಷದ ನಡುವೆ, ಐದೇ ನಿಮಿಷದಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ: ಇನ್ನು ಮುಂದೆ ಯಾವ ರಿಟೇನರ್, ಎಷ್ಟು ಕಾಲ? ವಕ್ರದಂತ ಚಿಕಿತ್ಸೆ ಮಾಡುವವಳಾಗಿ ನಾನೂ ಎಷ್ಟೋ ಸಲ ಈ ಮಾತನ್ನು ಅವಸರದಲ್ಲಿ ಮುಗಿಸಿದ್ದೇನೆ. ವರ್ಷಗಳ ಬಳಿಕ ಅದೇ ವ್ಯಕ್ತಿ ಕೆಳಗಿನ ಬಾಚಿಹಲ್ಲುಗಳು ಮತ್ತೆ ಒಂದರ ಮೇಲೊಂದು ಏರಿಕೊಂಡ ಸ್ಥಿತಿಯಲ್ಲಿ ಎದುರು ಕುಳಿತಾಗ, ಅಂದು ಇನ್ನೂ ಅರ್ಧ ಗಂಟೆ ಮಾತನಾಡಬೇಕಿತ್ತು ಎನ್ನಿಸಿದೆ. ಆ ಅರ್ಧ ಗಂಟೆಯಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳಕೆಯಲ್ಲಿರುವ ಮುಖ್ಯ ಆಯ್ಕೆಗಳು ಮೂರು. ಹಲ್ಲಿನ ಹಿಂಬದಿಗೆ ಅಂಟಿಸಿಬಿಡುವ ಸಣ್ಣ ತಂತಿ ಒಂದು. ಹಲ್ಲುಸಾಲನ್ನು ಪೂರ್ತಿ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಇನ್ನೊಂದು. ಅಂಗುಳಿಗೆ ಒತ್ತಿ ಕೂರುವ ಅಕ್ರಿಲಿಕ್ ಫಲಕಕ್ಕೆ ಮುಂದುಗಡೆ ತಂತಿ ಕಟ್ಟಿದ ಹಾಲೀ ರಿಟೇನರ್ ಮತ್ತೊಂದು. ಈ ಮೂರರಲ್ಲಿ ಯಾವುದು ಹೆಚ್ಚು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇದೆ. ಮೂರೂ ಒಂದಲ್ಲ ಒಂದು ದಿನ ಕೈಕೊಡುತ್ತವೆ; ಹಾಗೆ ಕೈಕೊಟ್ಟದ್ದು ಯಾವುದರಲ್ಲಿ ನಿಮಗೆ ಬೇಗ ಗೊತ್ತಾಗುತ್ತದೆ?

ಹಲ್ಲುಗಳು ಏಕೆ ಹಿಂದಿರುಗುತ್ತವೆ

ಆಯ್ಕೆಗೆ ಮುನ್ನ ಎದುರಾಳಿಯನ್ನು ತಿಳಿಯಬೇಕು. ಇಲ್ಲಿ ಎದುರಾಳಿಗಳು ಇಬ್ಬರು, ಇಬ್ಬರ ಸ್ವಭಾವವೂ ಬೇರೆ ಬೇರೆ.

ಮೊದಲನೆಯದು ಹಿಂದಿರುಗುವಿಕೆ. ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದಂತೆ ನಿಂತಿಲ್ಲ. ಬೇರನ್ನು ಮೂಳೆಗೆ ಕಟ್ಟಿಹಾಕುವ ಸಾವಿರಾರು ನಾರುಗಳ ನಡುವೆ ತೂಗುತ್ತಿದೆ. ಚಿಕಿತ್ಸೆಯಲ್ಲಿ ಹಲ್ಲು ಸರಿದಾಗ ಈ ನಾರುಗಳು ಹೊಸ ಜಾಗಕ್ಕೆ ತಕ್ಕಂತೆ ಮರುಜೋಡಣೆಯಾಗಬೇಕು. ಬೇರಿನ ಸುತ್ತಲಿನ ಮುಖ್ಯ ನಾರುಗಳಿಗೆ ಅದಕ್ಕೆ ಸುಮಾರು 3ರಿಂದ 4 ತಿಂಗಳು ಸಾಕು. ವಸಡಿನ ಒಳಗಿನ ಕೊಲಾಜೆನ್ ನಾರುಗಳಿಗೆ 4ರಿಂದ 6 ತಿಂಗಳು ಹಿಡಿಯುತ್ತದೆ. ಮೂಳೆಯ ಅಂಚಿಗಿಂತ ಮೇಲೆ, ವಸಡಿನಲ್ಲಿ ಹಲ್ಲಿನ ಕುತ್ತಿಗೆಯನ್ನು ಸುತ್ತಿರುವ ಎಳೆತದ ನಾರುಗಳು ಮಾತ್ರ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಗ್ಗಿದ ರಬ್ಬರಿನ ಹಾಗೆ ಹಲ್ಲನ್ನು ಹಳೆಯ ಜಾಗದ ಕಡೆಗೆ ಎಳೆಯುತ್ತಲೇ ಇರುತ್ತವೆ. ತನ್ನ ಅಕ್ಷದ ಮೇಲೆ ತಿರುಗಿಕೊಂಡಿದ್ದ ಹಲ್ಲು ಅಷ್ಟು ಮೊಂಡುತನದಿಂದ ಮತ್ತೆ ತಿರುಗುವುದಕ್ಕೆ ಇವೇ ಬಹುಮಟ್ಟಿಗೆ ಕಾರಣ.

ಎರಡನೆಯದು ವಯಸ್ಸು. ಎಂದೂ ಕ್ಲಿಪ್ ಹಾಕಿಸದವರಲ್ಲಿಯೂ ವರ್ಷಗಳು ಕಳೆದಂತೆ ಕೆಳದವಡೆಯ ಹಲ್ಲುಸಾಲಿನ ಉದ್ದ ಕುಗ್ಗುತ್ತದೆ, ಎರಡು ಕೋರೆಹಲ್ಲುಗಳ ನಡುವಿನ ಅಗಲ ಕಿರಿದಾಗುತ್ತದೆ, ನಡುವೆ ಸಿಕ್ಕಿಕೊಂಡ ಬಾಚಿಹಲ್ಲುಗಳು ಜಾಗವಿಲ್ಲದೆ ಒತ್ತರಿಸಿಕೊಳ್ಳುತ್ತವೆ. ಇದಕ್ಕೆ ಚಿಕಿತ್ಸೆಯ ಲೋಪವೇ ಕಾರಣವಾಗಬೇಕಾಗಿಲ್ಲ. ಬುದ್ಧಿಹಲ್ಲು ಹಿಂದಿನಿಂದ ತಳ್ಳುವುದರಿಂದ ಹೀಗಾಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಬುದ್ಧಿಹಲ್ಲು ಕೀಳಿಸಿದವರನ್ನೂ ಉಳಿಸಿಕೊಂಡವರನ್ನೂ ಹೋಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದಿನ ಹಲ್ಲುಗಳ ಒತ್ತರಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಸೋಂಕು, ಹುಳುಕಿನಂತಹ ಬೇರೆ ಕಾರಣವಿದ್ದರೆ ಬುದ್ಧಿಹಲ್ಲು ಕೀಳಿಸುವುದು ಸರಿಯೇ. ರಿಟೇನರ್ ಹಾಕುವುದನ್ನು ತಪ್ಪಿಸಿಕೊಳ್ಳಲು ಕೀಳಿಸಿದರೆ ಮಾತ್ರ ಫಲವಿಲ್ಲ.

ಈ ವಿಷಯದಲ್ಲಿ ನಮ್ಮ ಕ್ಷೇತ್ರದ ಕಣ್ಣು ತೆರೆಸಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ದೀರ್ಘಕಾಲದ ಅಧ್ಯಯನಗಳು. ಕೆಳಗಿನ ಆರು ಮುಂದಿನ ಹಲ್ಲುಗಳು ಒಂದನ್ನೊಂದು ತಾಗಬೇಕಾದ ಐದು ಜಾಗಗಳಲ್ಲಿ ಎಷ್ಟೆಷ್ಟು ಮಿಲಿಮೀಟರ್ ಪಕ್ಕಕ್ಕೆ ಸರಿದಿವೆ ಎಂದು ಅಳೆದು ಕೂಡಿಸುವ ಸರಳ ಸೂಚ್ಯಂಕವನ್ನು ರಾಬರ್ಟ್ ಲಿಟಲ್ 1975ರಲ್ಲಿ ಪ್ರಕಟಿಸಿದರು. ಅದೇ ಅಳತೆಗೋಲಿನಿಂದ, ಹಲ್ಲು ಕಿತ್ತು ಚಿಕಿತ್ಸೆ ಪಡೆದು ರಿಟೇನರ್ ನಿಲ್ಲಿಸಿ ಕನಿಷ್ಠ 10 ವರ್ಷ ಕಳೆದಿದ್ದ 65 ಜನರನ್ನು ನೋಡಿದಾಗ, ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಜನರ ಕೆಳಗಿನ ಸಾಲು ತೃಪ್ತಿಕರವಾಗಿ ಉಳಿದಿರಲಿಲ್ಲ ಎಂದು 1981ರಲ್ಲಿ ವರದಿಯಾಯಿತು. 20 ವರ್ಷದ ಹೊತ್ತಿಗೆ ಮತ್ತೆ ಅಳೆದ 31 ಜನರಲ್ಲಿ ಒಪ್ಪಬಹುದಾದ ಸಾಲು ಉಳಿದಿದ್ದುದು ಶೇಕಡಾ 10ರಷ್ಟು ಮಂದಿಯಲ್ಲಿ ಮಾತ್ರ. ಯಾರ ಹಲ್ಲು ನಿಲ್ಲುತ್ತದೆ, ಯಾರದು ನಿಲ್ಲುವುದಿಲ್ಲ ಎಂದು ಚಿಕಿತ್ಸೆ ಮುಗಿದ ದಿನವೇ ಹೇಳಬಲ್ಲ ನಂಬಿಕಸ್ಥ ಗುರುತು ಯಾವುದೂ ಅವರಿಗೆ ಸಿಗಲಿಲ್ಲ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. "ನನ್ನ ಹಲ್ಲು ಗಟ್ಟಿಯಾಗಿ ನಿಂತಿದೆ, ನನಗೆ ರಿಟೇನರ್ ಬೇಡ" ಎಂದು ಮುಂಗಡವಾಗಿ ಹೇಳುವ ಅಧಿಕಾರ ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ಎರಡು ವರ್ಷ ಹಾಕಿಕೊಂಡರೆ ಮುಗಿಯಿತು ಎಂಬ ಹಳೆಯ ಮಾತನ್ನು ನಾನು ಈಗ ಆಡುವುದಿಲ್ಲ. ಹಲ್ಲು ಎಷ್ಟು ಕಾಲ ನೇರವಾಗಿರಬೇಕೋ ಅಷ್ಟು ಕಾಲ ಯಾವುದಾದರೊಂದು ರೂಪದಲ್ಲಿ ಅದನ್ನು ಹಿಡಿದಿಡಬೇಕು.

ಅಂಟಿಸಿದ ತಂತಿ

ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ, ಸಾಮಾನ್ಯವಾಗಿ ಕೆಳದವಡೆಯಲ್ಲಿ, ನಾಲಿಗೆಯ ಕಡೆಗೆ ಅಂಟಿಸುವ ಈ ತಂತಿ 1970ರ ದಶಕದಲ್ಲಿ ಬಳಕೆಗೆ ಬಂತು. ಇದರ ದೊಡ್ಡ ಗುಣವೆಂದರೆ ನಿಮ್ಮ ನೆನಪಿನ ಶಕ್ತಿಯ ಮೇಲೆ ಅವಲಂಬಿಸುವುದಿಲ್ಲ. ಹೊರಗೆ ಕಾಣುವುದಿಲ್ಲ, ಮಾತು ತೊದಲುವುದಿಲ್ಲ, ಮಲಗುವ ಮುಂಚೆ ಹುಡುಕಬೇಕಾಗಿಲ್ಲ. ರಿಟೇನರ್ ಹಾಕಿಕೊಳ್ಳಲು ತಮಗೆ ಶಿಸ್ತು ಸಾಲದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇದರಲ್ಲಿ ಎರಡು ಬಗೆಗಳಿವೆ. ಎರಡೂ ಕೋರೆಹಲ್ಲುಗಳಿಗೆ ಮಾತ್ರ ಅಂಟಿಸಿದ ದಪ್ಪ ತಂತಿ ಕೋರೆಹಲ್ಲುಗಳ ನಡುವಿನ ಅಗಲವನ್ನು ಚೆನ್ನಾಗಿ ಕಾಯುತ್ತದೆ ಮತ್ತು ಕಿತ್ತುಕೊಂಡರೆ ಕೂಡಲೇ ಅಲ್ಲಾಡಿ ಸುದ್ದಿ ಮುಟ್ಟಿಸುತ್ತದೆ. ಆದರೆ ನಡುವಿನ ನಾಲ್ಕು ಬಾಚಿಹಲ್ಲುಗಳು ಅಂಟಿಲ್ಲದ ಕಾರಣ ಅವು ಸ್ವಲ್ಪ ತಿರುಗಬಹುದು, ತುಟಿಯ ಕಡೆಗೆ ಸರಿಯಬಹುದು. ಆರೂ ಹಲ್ಲುಗಳಿಗೆ ಅಂಟಿಸುವ, ಹಲವು ಎಳೆಗಳನ್ನು ಹೆಣೆದ ಸಣ್ಣ ತಂತಿ ಒಂದೊಂದು ಹಲ್ಲನ್ನೂ ಹಿಡಿಯುತ್ತದೆ, ಜಗಿಯುವಾಗ ಹಲ್ಲು ಸಹಜವಾಗಿ ತುಸು ಅಲುಗಲೂ ಬಿಡುತ್ತದೆ. ಸಾಲು ಕಾಯುವುದರಲ್ಲಿ ಇದು ಮೇಲು. ಕೈಕೊಡುವ ರೀತಿಯಲ್ಲಿ ಮಾತ್ರ ಇದು ಅಪಾಯಕಾರಿ, ಏಕೆಂದರೆ ಇದು ಸದ್ದಿಲ್ಲದೆ ಕೈಕೊಡುತ್ತದೆ.

ನಾನು ಆಗಾಗ ಕಾಣುವ ದೃಶ್ಯವೊಂದನ್ನು ಹೇಳುತ್ತೇನೆ. ಬಂದವರಿಗೆ ಯಾವ ನೋವೂ ಇಲ್ಲ, ತಂತಿ ಗಟ್ಟಿಯಾಗಿದೆ ಎಂದೇ ಅವರ ಭಾವನೆ. ಕನ್ನಡಿ ಹಿಡಿದು ನೋಡಿದರೆ ಒಂದು ಪಕ್ಕದ ಬಾಚಿಹಲ್ಲು ಉಗುರಿನ ದಪ್ಪದಷ್ಟು ಮುಂದೆ ಬಂದಿರುತ್ತದೆ. ತಂತಿ ಎಲ್ಲಿಯೂ ಮುರಿದಿಲ್ಲ, ಅಂಟಿನ ಆರು ಗುಂಡಿಗಳೂ ತಮ್ಮ ಜಾಗದಲ್ಲೇ ಇವೆ. ಆ ಹಲ್ಲನ್ನು ಹಿಂದಿನಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಂಟಿಗೂ ಹಲ್ಲಿಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದ ಜೊಲ್ಲಿನ ಒಂದು ಸಣ್ಣ ಗುಳ್ಳೆ ಹೊರಬರುತ್ತದೆ. ಐದು ಹಲ್ಲುಗಳು ತಂತಿಯನ್ನು ಹಿಡಿದುಕೊಂಡಿರುವುದರಿಂದ ಆರನೆಯದು ಬಿಡಿಸಿಕೊಂಡದ್ದು ತಿಂಗಳುಗಟ್ಟಲೆ ಯಾರಿಗೂ ಗೊತ್ತೇ ಆಗಿಲ್ಲ. ಆ ಹಲ್ಲು ಹಿಂದಕ್ಕೆ ಹೋಗದೆ ಮತ್ತೆ ಅಂಟಿಸಿದರೆ, ಸರಿದ ಜಾಗದಲ್ಲೇ ಅದನ್ನು ಕಾಯಂ ಮಾಡಿದ ಹಾಗಾಗುತ್ತದೆ.

ಇದಕ್ಕಿಂತ ಅಪರೂಪದ, ಆದರೆ ಹೆಚ್ಚು ಗಂಭೀರವಾದ ಇನ್ನೊಂದು ತೊಂದರೆಯಿದೆ. ಎಲ್ಲ ಅಂಟೂ ಗಟ್ಟಿಯಾಗಿದ್ದೂ ತಂತಿಯೇ ಹಲ್ಲುಗಳನ್ನು ಸರಿಸಲಾರಂಭಿಸುತ್ತದೆ. ಅಂಟಿಸುವಾಗ ತಂತಿಯಲ್ಲಿ ಉಳಿದ ಬಿಗುಪು, ಅಥವಾ ಮುಂದೆ ಗಟ್ಟಿ ಪದಾರ್ಥ ಕಚ್ಚಿ ಬಾಗಿದ ತಂತಿಯ ತಿರುಚು, ನಿಧಾನವಾಗಿ ಒಂದು ಕೋರೆಹಲ್ಲನ್ನು ಹೊರಕ್ಕೂ ಇನ್ನೊಂದನ್ನು ಒಳಕ್ಕೂ ವಾಲಿಸುತ್ತದೆ, ಇಲ್ಲವೇ ಒಂದು ಬಾಚಿಹಲ್ಲಿನ ಬೇರನ್ನು ಮೂಳೆಯಿಂದಾಚೆಗೆ ನೂಕುತ್ತದೆ. ಮೊದಲಿದ್ದ ವಕ್ರತೆಗಿಂತ ಬೇರೆಯೇ ಆದ ವಕ್ರತೆ ಕಾಣಿಸಿಕೊಂಡರೆ, ಒಂದು ಹಲ್ಲಿನ ವಸಡು ಇದ್ದಕ್ಕಿದ್ದಂತೆ ಕೆಳಗಿಳಿದರೆ, ಹೀಗಾಗುತ್ತಿದೆ ಎಂದೇ ಅನುಮಾನಿಸಬೇಕು. ಆ ತಂತಿಯನ್ನು ತಡಮಾಡದೆ ತೆಗೆಸಬೇಕು.

ಶುಚಿತ್ವದ ಮಾತೂ ಇದೆ. ನಾಲಿಗೆಯ ಕೆಳಗಿನ ಜೊಲ್ಲಿನ ನಾಳಗಳು ತೆರೆದುಕೊಳ್ಳುವುದು ಸರಿಯಾಗಿ ಕೆಳಗಿನ ಬಾಚಿಹಲ್ಲುಗಳ ಹಿಂದೆಯೇ. ಜೊಲ್ಲಿನಲ್ಲಿರುವ ಖನಿಜಾಂಶದಿಂದ ಪಾಚಿ ಬೇಗ ಕಲ್ಲಾಗುವ ಜಾಗವೂ ಅದೇ. ಅಲ್ಲೊಂದು ತಂತಿ ಇದ್ದರೆ ಮಾಮೂಲಿ ಫ್ಲಾಸ್ ಮೇಲಿನಿಂದ ಇಳಿಯುವುದಿಲ್ಲ. ಗಟ್ಟಿ ತುದಿಯ ಫ್ಲಾಸನ್ನು ತಂತಿಯ ಕೆಳಗೆ ನುಗ್ಗಿಸಬೇಕು, ಇಲ್ಲವೇ ಸಂದಿ ಬ್ರಶ್ ಬಳಸಬೇಕು. ದಿನವೂ ಇದಕ್ಕೆ ಎರಡು ನಿಮಿಷ ಕೊಡಲಾಗದವರಿಗೆ, ಈಗಾಗಲೇ ವಸಡಿನಿಂದ ರಕ್ತ ಬರುತ್ತಿರುವವರಿಗೆ ನಾನು ತಂತಿ ಅಂಟಿಸಲು ಹಿಂಜರಿಯುತ್ತೇನೆ. ವಸಡು ರೋಗದಿಂದ ಮೂಳೆ ಕಳೆದುಕೊಂಡು ಅಲುಗುವ ಹಲ್ಲುಗಳನ್ನು, ರೋಗ ಹತೋಟಿಗೆ ಬಂದ ಮೇಲೆ, ಒಂದಕ್ಕೊಂದು ಕಟ್ಟಿ ನಿಲ್ಲಿಸಬೇಕಾದಾಗ ಮಾತ್ರ ತಂತಿಯೇ ಬೇಕಾಗುತ್ತದೆ.

ಪಾರದರ್ಶಕ ತಟ್ಟೆ

ಹಲ್ಲಿನ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ, ಗಾಳಿ ಹೀರಿ ಕೂರಿಸಿ ತಯಾರಿಸುವ ಈ ರಿಟೇನರ್ 1990ರ ದಶಕದಿಂದ ವ್ಯಾಪಕವಾಗಿದೆ. ಮಾಡುವುದು ಸುಲಭ, ಕಾಣುವುದು ಕಡಿಮೆ. ಪ್ರತಿಯೊಂದು ಹಲ್ಲನ್ನೂ ನಾಲ್ಕೂ ಕಡೆಯಿಂದ ತಬ್ಬಿಕೊಳ್ಳುವುದರಿಂದ ಸಣ್ಣ ತಿರುಗುವಿಕೆಯನ್ನೂ ತಡೆಯುತ್ತದೆ.

ನಾನು ಇದನ್ನು ಮೆಚ್ಚುವುದಕ್ಕೆ ಇನ್ನೊಂದು ಕಾರಣವಿದೆ: ಇದು ರಿಟೇನರೂ ಹೌದು, ಅಳತೆಗೋಲೂ ಹೌದು. ನಾಲ್ಕಾರು ರಾತ್ರಿ ಬಿಟ್ಟು ಮತ್ತೆ ಹಾಕಿಕೊಂಡಾಗ ಬಿಗಿಯೆನಿಸಿದರೆ ಹಲ್ಲು ಹೊರಟಿದೆ ಎಂದೇ ಅರ್ಥ. ಇನ್ನೂ ಹೆಚ್ಚು ಸರಿದಿದ್ದರೆ ತಟ್ಟೆ ಪೂರ್ತಿ ಕೂರುವುದಿಲ್ಲ. ದೀಪದ ಎದುರು ಕನ್ನಡಿಯಲ್ಲಿ ನೋಡಿದರೆ ಒಂದು ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಗಾಳಿ ತುಂಬಿದ ಬೆಳ್ಳನೆಯ ಗೆರೆ ಹೊಳೆಯುತ್ತದೆ. ತಂತಿ ತಿಂಗಳುಗಟ್ಟಲೆ ಮುಚ್ಚಿಡುವ ಸಂಗತಿಯನ್ನು ಇದು ಒಂದೇ ರಾತ್ರಿಯಲ್ಲಿ ಹೇಳಿಬಿಡುತ್ತದೆ.

ದೋಷಗಳೂ ಇವೆ. ಹಲ್ಲು ಕಡಿಯುವವರಲ್ಲಿ ಇದು ಬೇಗ ಸವೆದು ಬಿರುಕು ಬಿಡುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ಹಾಕಿಕೊಂಡೇ ಸಿಹಿಪಾನೀಯ ಕುಡಿದರೆ ಆ ದ್ರವ ಹಲ್ಲಿಗೆ ಅಂಟಿಕೊಂಡಂತೆ ಒಳಗೇ ನಿಲ್ಲುತ್ತದೆ, ಜೊಲ್ಲು ಅದನ್ನು ತೊಳೆಯಲಾರದು, ಎನಾಮಲ್ ಕರಗತೊಡಗುತ್ತದೆ. ಆದ್ದರಿಂದ ಇದನ್ನು ಧರಿಸಿರುವಾಗ ನೀರನ್ನು ಬಿಟ್ಟು ಬೇರೇನನ್ನೂ ಕುಡಿಯಕೂಡದು. ಹಲ್ಲುಗಳ ಕಚ್ಚುವ ಮೇಲ್ಮೈಯನ್ನು ಮುಚ್ಚುವುದರಿಂದ, ಚಿಕಿತ್ಸೆಯ ನಂತರ ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಒಂದಕ್ಕೊಂದು ಸಹಜವಾಗಿ ಹೊಂದಿಕೊಂಡು ಕೂರುವುದಕ್ಕೂ ಇದು ಅಷ್ಟಾಗಿ ಎಡೆಗೊಡುವುದಿಲ್ಲ. ತಟ್ಟೆ ಎಲ್ಲ ಹಲ್ಲುಗಳನ್ನೂ ಆವರಿಸಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೊನೆಯ ದವಡೆ ಹಲ್ಲು ಹೊರಗುಳಿದರೆ ಅದು ಮೆಲ್ಲನೆ ಎತ್ತರಕ್ಕೆ ಬೆಳೆದು ಕಚ್ಚುವಿಕೆಯನ್ನೇ ಕೆಡಿಸಬಹುದು.

ಹಾಲೀ ರಿಟೇನರ್

ಚಾರ್ಲ್ಸ್ ಹಾಲೀ 1919ರಲ್ಲಿ ವಿವರಿಸಿದ ಈ ಸಾಧನ ನೂರು ವರ್ಷ ದಾಟಿಯೂ ಬಳಕೆಯಲ್ಲಿದೆ ಎಂಬುದೇ ಅದರ ಯೋಗ್ಯತೆಯನ್ನು ಹೇಳುತ್ತದೆ. ಗಟ್ಟಿಮುಟ್ಟಾಗಿದೆ, ತಂತಿಯನ್ನು ಬಾಗಿಸಿ ಸರಿಹೊಂದಿಸಬಹುದು, ತುಸು ಸರಿದ ಹಲ್ಲನ್ನು ಒಂದಿಷ್ಟು ಹಿಂದಕ್ಕೆ ತರಬಹುದು, ದವಡೆ ಹಲ್ಲುಗಳು ಹೊಂದಿಕೊಳ್ಳಲು ಬಿಡುತ್ತದೆ. ಕಿತ್ತ ಹಲ್ಲಿನ ಜಾಗವನ್ನು ಕಾಯ್ದಿರಿಸಬೇಕಾದರೆ ಅದಕ್ಕೊಂದು ಕೃತಕ ಹಲ್ಲನ್ನೂ ಸೇರಿಸಬಹುದು. ಮೇಲ್ದವಡೆಯನ್ನು ಅಗಲಗೊಳಿಸಿದ ಚಿಕಿತ್ಸೆಯ ನಂತರ ಅಂಗುಳಿನ ಫಲಕ ಆ ಅಗಲವನ್ನು ಹಿಡಿದಿಡುತ್ತದೆ. ಮುಂದಿನ ಹಲ್ಲುಗಳ ಹಿಂದೆ ಅಂಟಿಸಿದ ತಂತಿಯಿಂದ ಈ ಕೆಲಸ ಆಗುವುದಿಲ್ಲ. ಮೊದಲ ಕೆಲವು ದಿನ ಮಾತು ತೊದಲುತ್ತದೆ, ಮುಂದಿನ ತಂತಿ ಕಾಣುತ್ತದೆ. ಬಹಳ ಜನ ಬಿಟ್ಟುಬಿಡುವುದಕ್ಕೆ ಈ ಎರಡೇ ಕಾರಣ.

ಮುಖಾಮುಖಿ ನಿಲ್ಲಿಸಿದಾಗ

ಹಾಲೀ ಮತ್ತು ಪಾರದರ್ಶಕ ತಟ್ಟೆಗಳನ್ನು ನೇರವಾಗಿ ಹೋಲಿಸಿ 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಆರು ತಿಂಗಳ ಹೊತ್ತಿಗೆ ಬಾಚಿಹಲ್ಲುಗಳ ಸಾಲನ್ನು ಪಾರದರ್ಶಕ ತಟ್ಟೆ ಹೆಚ್ಚು ಚೆನ್ನಾಗಿ ಕಾಯ್ದಿತ್ತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಕೆಳಗಿನ ಸಾಲಿನಲ್ಲಿ ಎದ್ದು ಕಾಣುವಷ್ಟಿತ್ತು. ಹಗಲೂ ರಾತ್ರಿ ಧರಿಸಬೇಕೇ, ರಾತ್ರಿ ಸಾಕೇ ಎಂಬ ಪ್ರಶ್ನೆಗೆ 2010ರಲ್ಲಿ ಪ್ರಕಟವಾದ ಪ್ರಯೋಗ, ಪಾರದರ್ಶಕ ತಟ್ಟೆಯನ್ನು ದಿನದ ಒಂದು ಭಾಗ ಮಾತ್ರ ಧರಿಸಿದವರಲ್ಲಿಯೂ ಫಲ ಹೆಚ್ಚುಕಡಿಮೆ ಅಷ್ಟೇ ಇತ್ತು ಎಂದು ತೋರಿಸಿತು. ರಾತ್ರಿ ಮಾತ್ರ ಧರಿಸಬಹುದೆಂದರೆ ವರ್ಷಗಟ್ಟಲೆ ಅದನ್ನು ಪಾಲಿಸುವವರ ಸಂಖ್ಯೆ ಹೆಚ್ಚುತ್ತದೆ ಎಂಬುದರಿಂದ ನನಗೆ ಇದು ಬಹಳ ನೆಮ್ಮದಿ ಕೊಟ್ಟ ಫಲಿತಾಂಶ. ಆದರೂ ಹಲ್ಲುಗಳು ಬಹಳ ತಿರುಗಿಕೊಂಡಿದ್ದವರಿಗೆ ಮೊದಲ ಕೆಲವು ತಿಂಗಳು ಹೆಚ್ಚು ಹೊತ್ತು ಧರಿಸಲು ಹೇಳುತ್ತೇನೆ. ವಸಡಿನ ನಾರುಗಳ ಲೆಕ್ಕವನ್ನು ಮೇಲೆ ಕೊಟ್ಟಿದ್ದೇನೆ. ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ಒಂದು ವಿಧಾನವನ್ನು ಬಿಟ್ಟು ಇನ್ನೊಂದನ್ನೇ ಶಿಫಾರಸು ಮಾಡುವಷ್ಟು ಗಟ್ಟಿಯಾದ ಆಧಾರ ಇಲ್ಲವೆಂದೇ ಹೇಳಿದೆ.

ಹೀಗಿರುವಾಗ ತೀರ್ಮಾನಕ್ಕೆ ಆಧಾರ ನಿಮ್ಮ ಬಾಯಿಯ ಹಳೆಯ ಸ್ಥಿತಿ ಮತ್ತು ನಿಮ್ಮ ದಿನಚರಿ. ಮೇಲಿನ ಎರಡು ನಡುಹಲ್ಲುಗಳ ನಡುವೆ ದೊಡ್ಡ ಸಂದು ಇದ್ದು ಅದನ್ನು ಮುಚ್ಚಿಸಿದ್ದರೆ, ಆ ಎರಡಕ್ಕೆ ಹಿಂಬದಿಯಿಂದ ಸಣ್ಣ ತಂತಿ ಅಂಟಿಸುವುದೇ ಸರಿ. ಆ ಸಂದು ಒಂದು ವಾರದ ಅಲಕ್ಷ್ಯವನ್ನೂ ಕಾಯುವುದಿಲ್ಲ. ಮೇಲಿನ ಹಲ್ಲು ಕೆಳಗಿನದನ್ನು ಆಳವಾಗಿ ಮುಚ್ಚಿ ಕಚ್ಚುವವರಲ್ಲಿ ಮೇಲ್ದವಡೆಯ ತಂತಿಗೆ ಪ್ರತಿ ತುತ್ತಿನಲ್ಲೂ ಪೆಟ್ಟು ಬಿದ್ದು ಅದು ಪದೇ ಪದೇ ಬಿಡಿಸಿಕೊಳ್ಳುತ್ತದೆ, ಅವರಿಗೆ ಮೇಲೆ ತಟ್ಟೆ ಒಳ್ಳೆಯದು. ಕೆಳಗಿನ ಬಾಚಿಹಲ್ಲುಗಳು ಬಹಳ ಒತ್ತರಿಸಿಕೊಂಡಿದ್ದವರಿಗೆ ನಾನು ಹೇಳುವುದು ಎರಡನ್ನೂ: ಕೆಳಗೆ ತಂತಿ, ಅದರ ಮೇಲೆ ರಾತ್ರಿ ಧರಿಸಲು ತಟ್ಟೆ. ದುಬಾರಿ ಎಚ್ಚರಿಕೆಯೆಂದು ಕೆಲವರಿಗೆ ಅನ್ನಿಸಬಹುದು. ಆದರೆ ತಂತಿ ಹಿಡಿಯುತ್ತದೆ, ತಂತಿ ಸದ್ದಿಲ್ಲದೆ ಬಿಟ್ಟ ದಿನ ತಟ್ಟೆ ಬಿಗಿಯಾಗಿ ಸುಳಿವು ಕೊಡುತ್ತದೆ; ಒಂದರ ಕುರುಡನ್ನು ಇನ್ನೊಂದು ತುಂಬುತ್ತದೆ. ಇನ್ನೂ ಹಲ್ಲು ಮೂಡುತ್ತಿರುವ ಮಕ್ಕಳಿಗೆ ತಟ್ಟೆ ಬೇಗ ಚಿಕ್ಕದಾಗುವುದರಿಂದ ಹಾಲೀ ವಾಸಿ.

ಎರಡು ಸಣ್ಣ ಚಿಕಿತ್ಸೆಗಳು

ರಿಟೇನರ್ ಜೊತೆಗೆ ಕೆಲವರಿಗೆ ಮಾಡಬಹುದಾದ ಎರಡು ಕೆಲಸಗಳಿವೆ. ಬಹಳ ತಿರುಗಿದ್ದ ಹಲ್ಲಿನ ಕುತ್ತಿಗೆಯ ಸುತ್ತ, ಮರಗಟ್ಟಿಸಿ, ವಸಡಿನ ಒಳಗಿನ ಆ ಎಳೆತದ ನಾರುಗಳನ್ನು ಕತ್ತರಿಸುವುದು ಒಂದು. ಎಡ್ವರ್ಡ್ಸ್ 1970ರಲ್ಲಿ ವಿವರಿಸಿ, 1988ರಲ್ಲಿ ದೀರ್ಘಕಾಲದ ಫಲವನ್ನು ವರದಿ ಮಾಡಿದ ಈ ವಿಧಾನ ಹಲ್ಲು ಮತ್ತೆ ತಿರುಗುವುದನ್ನು ಕಡಿಮೆ ಮಾಡುತ್ತದೆ, ಅದರಲ್ಲಿಯೂ ಮೇಲಿನ ಮುಂದಿನ ಹಲ್ಲುಗಳಲ್ಲಿ. ಹಿಂದೆ ಮುಂದೆ ಸರಿಯುವುದನ್ನು ತಡೆಯುವಲ್ಲಿ ಅಷ್ಟು ಪರಿಣಾಮಕಾರಿಯಲ್ಲ. ಇನ್ನೊಂದು, ಕೆಳಗಿನ ಬಾಚಿಹಲ್ಲುಗಳು ಪರಸ್ಪರ ತಾಗುವ ಬದಿಗಳಲ್ಲಿ ಎನಾಮಲನ್ನು ಮಿಲಿಮೀಟರಿನ ಒಂದಂಶದಷ್ಟು ತೇಯ್ದು, ಚುಕ್ಕೆಯಂತಿದ್ದ ಸ್ಪರ್ಶವನ್ನು ತುಸು ಅಗಲಗೊಳಿಸುವುದು. ಸ್ವೀಡನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ, ಕೆಳಗೆ ಹೀಗೆ ತೇಯ್ದು ತಂತಿಯನ್ನೇ ಹಾಕದೆ ಬಿಟ್ಟವರ ಸಾಲೂ ತಂತಿ ಹಾಕಿದವರಷ್ಟೇ ಚೆನ್ನಾಗಿ ವರ್ಷಗಳ ಬಳಿಕ ಉಳಿದಿತ್ತು. ಹಲ್ಲಿನ ಆಕಾರ ತ್ರಿಕೋನದಂತಿರುವವರಲ್ಲಿ ನನಗೆ ಇದು ಒಳ್ಳೆಯ ಮಾರ್ಗ ಎನಿಸಿದೆ. ತೇಯ್ದ ಎನಾಮಲ್ ಮರಳಿ ಬೆಳೆಯುವುದಿಲ್ಲ ಎಂಬುದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಮುರಿದರೆ, ಕಳೆದುಹೋದರೆ

ಕ್ಲಿಪ್ ಬಿಚ್ಚಿದ ದಿನದ ಹಲ್ಲಿನ ಅಚ್ಚನ್ನು ಅಥವಾ ಸ್ಕ್ಯಾನ್ ಕಡತದ ಒಂದು ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ತಟ್ಟೆ ಕಳೆದರೆ ಅದೇ ಅಳತೆಯ ಹೊಸದನ್ನು ಅದರಿಂದ ಮಾಡಿಸಬಹುದು. ತಂತಿ ಹಾಕಿಸಿಕೊಂಡವರು ತಿಂಗಳಿಗೊಮ್ಮೆ ಒಂದೊಂದೇ ಹಲ್ಲನ್ನು ಹಿಂದಿನಿಂದ ಬೆರಳಲ್ಲಿ ಒತ್ತಿ ನೋಡಿ, ಕೆಳಗಿನ ಸಾಲಿನ ಒಂದು ಫೋಟೋ ತೆಗೆದು ಹಿಂದಿನದರೊಂದಿಗೆ ಹೋಲಿಸಬೇಕು. ಅಂಟು ಬಿಟ್ಟದ್ದು ಕಂಡರೆ ಅದೇ ರಾತ್ರಿಯಿಂದ ತಟ್ಟೆ ಹಾಕಿಕೊಳ್ಳಲು ಶುರುಮಾಡಿ, ಮಾರನೆಯ ದಿನವೇ ವೈದ್ಯರನ್ನು ವಿಚಾರಿಸಿ. ಬಹಳ ದಿನ ಬಿಟ್ಟ ತಟ್ಟೆ ಬಿಗಿಯಾಗಿದ್ದರೂ ಪೂರ್ತಿ ಕೂರುತ್ತಿದ್ದರೆ, ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಕೆಲವು ದಿನ ಹಗಲೂ ರಾತ್ರಿ ಧರಿಸಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ, ಆಮೇಲೆ ರಾತ್ರಿಗೆ ಮರಳಬಹುದು. ಕೂರದಿದ್ದರೆ ಹಲ್ಲಿನಿಂದ ಕಚ್ಚಿ ಒತ್ತಬೇಡಿ. ತಟ್ಟೆ ಸೀಳುತ್ತದೆ, ಹಲ್ಲಿಗೂ ನೋವಾಗುತ್ತದೆ. ಸರಿದದ್ದು ಒಂದೆರಡು ಮಿಲಿಮೀಟರ್ ಇರುವಾಗಲೇ ಬಂದವರನ್ನು ನಾನು ಹಲವು ಬಾರಿ ಒಂದೆರಡು ಹೊಸ ತಟ್ಟೆಗಳಲ್ಲೇ ಮೊದಲಿನ ಸಾಲಿಗೆ ತಂದಿದ್ದೇನೆ. ನಾಚಿಕೆಯಿಂದ ವರ್ಷಗಟ್ಟಲೆ ತಡಮಾಡಿ ಬಂದವರಿಗೆ ಮತ್ತೆ ಕ್ಲಿಪ್ಪನ್ನೇ ಹಾಕಬೇಕಾಗಿ ಬಂದಿದೆ.